ಅಳತೆ ರವಿಕೆ

ಪುತ್ತೂರಿನ ಬಸ್ಸು ನಿಲ್ದಾಣದಿಂದ ಐದು ನಿಮಿಷ ನಡೆದರೆ ನನ್ನ ಹೊಲಿಗೆ ಅಂಗಡಿ. ಮೂವತ್ತು ವರ್ಷದಿಂದ ಹೆಂಗಸರ ರವಿಕೆ ಹೊಲಿಯುವುದೇ ನನ್ನ ಕೆಲಸ. ಒಂದು ಮೆಷಿನು, ಬಟ್ಟೆ ಕತ್ತರಿಸುವ ಒಂದು ಮೇಜು, ಒಂದು ಪರದೆ. ಪರದೆಯ ಹಿಂದೆ ಇಬ್ಬರು ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ನನಗೆ ಗೊತ್ತಾದಷ್ಟು ಸಂಗತಿ ಈ ಊರಿನ ಡಾಕ್ಟರುಗಳಿಗೂ ಗೊತ್ತಿರಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು. ಟೇಪು ಸುತ್ತುವಾಗ ಹೆಂಗಸರು ಏನೇನೋ ಹೇಳುತ್ತಾರೆ. ಅವರು ಹೇಳದಿದ್ದರೂ ಟೇಪು ಹೇಳುತ್ತದೆ. ಯಾರು ಬಸುರಿ, ಯಾರು ಊಟ ಸೇರದೆ ಸೊರಗಿದ್ದಾರೆ, ಯಾರ ಬೆನ್ನಿನಲ್ಲಿ ಬಾಸುಂಡೆ ಎದ್ದಿದೆ, ಎಲ್ಲ ಗೊತ್ತಾಗುತ್ತದೆ.

ಅಳತೆಗಳನ್ನು ಉದ್ದದ ಒಂದು ಪುಸ್ತಕದಲ್ಲಿ ಬರೆದು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕುತ್ತೇನೆ. ಒಮ್ಮೆ ಒಬ್ಬರು ಅತ್ತೆ, ಸೊಸೆಯ ಸೊಂಟದ ಸುತ್ತು ಕೇಳಲು ಬಂದಿದ್ದರು. ಕಳೆದ ಸಲಕ್ಕಿಂತ ಹೆಚ್ಚಾಗಿದೆಯಾ, ಇಲ್ಲವಾ ಎಂದಷ್ಟೇ ಹೇಳಿದರೆ ಸಾಕಂತೆ. ಮದುವೆಯಾಗಿ ಎರಡು ವರ್ಷವಾದರೂ ಸೊಸೆ ಸುದ್ದಿ ಕೊಟ್ಟಿಲ್ಲ ಎಂಬ ಬೇಗುದಿ ಪಾಪ ಅವರಿಗೆ. "ಅಮ್ಮ, ನಿಮಗೆ ಬೇಕಾದ್ರೆ ನಿಮ್ಮ ಸೊಂಟ ಅಳೆದು ಹೇಳ್ತೇನೆ, ಬನ್ನಿ ಒಳಗೆ" ಎಂದೆ. ಮತ್ತೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹೋದರೆ ಹೋಗಲಿ ಎಂದು ಕತ್ತರಿ ಎತ್ತಿಕೊಂಡೆ.

ಇಷ್ಟು ಜಂಬ ಕೊಚ್ಚಿಕೊಳ್ಳುವುದಕ್ಕೆ ಕಾರಣ ಇದೆ. ಅಂಥ ನಾನೇ ನನ್ನ ಒಡಹುಟ್ಟಿದ ಅಕ್ಕನ ಎದೆಯ ವಿಷಯವನ್ನು ಒಂದು ಮಧ್ಯಾಹ್ನ ಎಪ್ಪತ್ತು ಜನರ ಮುಂದೆ ಹರವಿ ಹಾಕಿದೆ. ಯಾರೋ ಕೇಳಿದ್ದಕ್ಕಲ್ಲ. ನನ್ನ ಬುದ್ಧಿಗೆ ಮಂಕು ಕವಿದದ್ದಕ್ಕೆ.

ನಮ್ಮ ತವರು ಆಲೆಟ್ಟಿ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಕೊಯಿಲಕ್ಕೆ, ಸರಕಾರಿ ಜಾನುವಾರು ಫಾರ್ಮಿನ ಬೇಲಿಗೆ ತಾಗಿದ ಹಾಗೆ ಇರುವ ಮನೆಗೆ. ನನಗೆ ಮದುವೆ ಬೇಡ ಅನಿಸಿತು, ಹೊಲಿಗೆ ಕಲಿತು ಪುತ್ತೂರಿಗೆ ಬಂದೆ. ಅಪ್ಪ ಅಮ್ಮ ತೀರಿಹೋದ ಮೇಲೆ ನನಗೆ ನನ್ನವಳು ಅಂತ ಇದ್ದದ್ದು ಅವಳೊಬ್ಬಳೇ. ನಾವಿಬ್ಬರೂ ಮಾತಾಡುವುದು ಅರೆಭಾಷೆಯಲ್ಲಿ. ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮಾತಿನ ಅರ್ಧ ಖಾರ ಅದರಲ್ಲೇ ಹೋಯಿತು.

ದಿನಾ ಹನ್ನೊಂದು ಗಂಟೆಗೆ ಅವಳ ಫೋನು ಬರುತ್ತಿತ್ತು. ಹಟ್ಟಿ ತೊಳೆದು, ದನಗಳಿಗೆ ಹುಲ್ಲು ಹಾಕಿ, ಕೈಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತು ಮಾಡುವ ಫೋನು. ನಾನು ಮೊಬೈಲನ್ನು ಮೆಷಿನಿನ ಪಕ್ಕದಲ್ಲಿಟ್ಟು ಕಾಜ ಹಾಕುತ್ತಾ ಕೇಳುವುದು. ಎಂತ ಮಾತು ಅಂತ ಕೇಳಿದರೆ ಒಂದೂ ನೆನಪಿಲ್ಲ. ಬಸಳೆಗೆ ಹುಳ ಬಿದ್ದದ್ದು, ಭಾವನ ಗೊರಕೆ, ಯಾರದೋ ಮದುವೆಯಲ್ಲಿ ಪಾಯಸ ಸೀದದ್ದು. ನಡುವೆ ಒಂದು ಕರು ಕೂಗುವುದು. ಅವಳ ಕರುವಾ, ಫಾರ್ಮಿನ ಕರುವಾ ಅಂತ ನಾನು ಕೇಳುವುದು, "ನಿನ್ನ ಭಾವ" ಅಂತ ಅವಳು ಹೇಳುವುದು. ಇದೇ ಹಾಸ್ಯಕ್ಕೆ ಇಪ್ಪತ್ತು ವರ್ಷ ನಕ್ಕಿದ್ದೇವೆ.

ಎಲ್ಲರ ಅಳತೆಯೂ ನನ್ನ ಪುಸ್ತಕದಲ್ಲಿದೆ, ಅಕ್ಕನದ್ದು ಮಾತ್ರ ಇಲ್ಲ. ಅವಳು ಬರೆಯಲು ಬಿಡುತ್ತಿರಲಿಲ್ಲ. "ಬರೆದಿಟ್ರೆ ಮತ್ತೆ ನಾನು ಎಂತ ನೆಪ ಹೇಳಿ ಬರುದು?" ಎನ್ನುತ್ತಿದ್ದಳು. ಹಾಗಾಗಿ ಪ್ರತಿ ರವಿಕೆಗೂ ಉಪ್ಪಿನಂಗಡಿಯ ದಾರಿಯಾಗಿ ಬಸ್ಸಿನಲ್ಲಿ ಬರಬೇಕು, ಪರದೆಯ ಹಿಂದೆ ನಿಲ್ಲಬೇಕು, ನಾನು ಹೊಸದಾಗಿ ಅಳೆಯಬೇಕು. ಟೇಪಿನ ತುದಿಯಲ್ಲಿ ಒಂದು ತಗಡಿನ ಚೂರು ಇರುತ್ತದಲ್ಲ, ಅದು ಬೆನ್ನಿಗೆ ತಾಗಿದರೆ ಸಾಕು, ಚೀರುವುದು. "ಅಯ್ಯೋ, ಐಸು! ಬಿಸಿ ಮಾಡಿ ತಾ ಮಾರಾಯ್ತಿ!" ನಾನು ಆ ತುದಿಯನ್ನು ಅಂಗೈಯೊಳಗೆ ಮುಚ್ಚಿ ಹಿಡಿದು ಬಿಸಿ ಮಾಡುವವರೆಗೆ ಅವಳು ಕೈ ಮೇಲೆತ್ತಿಕೊಂಡು ನಿಂತಿರುವುದು. ಹೊರಗೆ ಕೂತ ಗಿರಾಕಿಗಳು ಒಳಗೆ ಎಂತ ಆಗುತ್ತಿದೆ ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಅವಳು ಬಂದಾಗ ತಗಡು ಬೆನ್ನಿಗೆ ತಾಗಿತು, ಚೀರಲಿಲ್ಲ. ನನ್ನ ಕೈ ಹಿಡಿದು ಎಡ ಎದೆಯ ಮಗ್ಗುಲಿಗೆ ಒತ್ತಿಕೊಂಡಳು. "ಇಲ್ಲಿ ನೋಡು. ಎಂತದೋ ಉಂಟು." ಗೇರುಬೀಜದಷ್ಟು ದೊಡ್ಡ ಗಂಟು ಬೆರಳಿಗೆ ಸಿಕ್ಕಿತು. ಹೆದರಿಕೆಯನ್ನು ಮುಖದಲ್ಲಿ ತೋರಿಸಿಕೊಳ್ಳದೆ "ಒಮ್ಮೆ ಡಾಕ್ಟ್ರಿಗೆ ತೋರಿಸುವ" ಎಂದೆ. ಮರುದಿನವೇ ಅವಳ ಮಗಳು ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದಳು.

ರಿಪೋರ್ಟು ಕೈಗೆ ಬಂದದ್ದು ಗುರುವಾರ. ಓದಿ ಹೇಳಬೇಕಾದ ಡಾಕ್ಟರು ಸೋಮವಾರದವರೆಗೆ ಇಲ್ಲ. ಅಕ್ಕ ಅದರ ಫೋಟೋ ತೆಗೆದು ನನಗೆ ಕಳಿಸಿ ಫೋನು ಮಾಡಿದಳು.

"ನಾಲ್ಕು ದಿನ ಕಾಯುದು ಹೇಗೆ ಮಾರಾಯ್ತಿ, ಮಂಡೆ ಬಿಸಿ ಆಗ್ತಾ ಉಂಟು. ನೀನು ಮೊಬೈಲಲ್ಲಿ ಎಲ್ಲ ಹುಡುಕ್ತಿಯಲ್ಲ, ಎಂತ ಬರ್ದಿದ್ದಾರೆ ನೋಡಿ ಹೇಳು. ನಿನಗೆ ಮಾತ್ರ ಆಯ್ತಾ? ಬೇರೆ ಯಾರಿಗೂ ತೋರಿಸ್ಬೇಡ."

"ಯಾರಿಗೆ ತೋರಿಸ್ತೇನೆ ನಾನು? ಮಂಡೆ ಬಿಸಿ ಮಾಡ್ಬೇಡ" ಎಂದೆ.

ಅಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೆಷಿನು ಓಡುವುದಿಲ್ಲ, ಕೈಗೆ ಕೆಲಸ ಇಲ್ಲ. ರಿಪೋರ್ಟಿನ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಒತ್ತಿ ಹುಡುಕಲು ಕೂತೆ. ಒಂದು ಕಡೆ ಇದು ಎಂತದೂ ಅಲ್ಲ, ಹೆಚ್ಚಿನ ಗಂಟುಗಳು ನಿರಪಾಯ ಅಂತ ಇತ್ತು. ಅದರ ಕೆಳಗೇ ಇನ್ನೊಂದು ಕಡೆ, ಓದಲಾಗದಂಥದ್ದು ಇತ್ತು. ಬಿಳಿ ಕೋಟು ಹಾಕಿಕೊಂಡ ಒಬ್ಬ, ಆಪರೇಷನ್ನೇ ಬೇಡ, ಮುಳ್ಳುರಾಮಫಲದ ಎಲೆ ಕುದಿಸಿ ಕುಡಿದರೆ ಗಂಟು ಕರಗುತ್ತದೆ ಎಂದು ಕೈ ಆಡಿಸಿ ಹೇಳುತ್ತಿದ್ದ. ಅವನ ಹಿಂದೆ ದಪ್ಪ ದಪ್ಪ ಪುಸ್ತಕಗಳ ಸಾಲು. ನಿಜ ಹೇಳುತ್ತೇನೆ, ಆ ಪುಸ್ತಕಗಳನ್ನು ನೋಡಿ ಅವನನ್ನು ಅರ್ಧ ನಂಬಿದೆ.

ಆಮೇಲೆ ಒಂದು ಜಾಹೀರಾತು ಬಂತು. ರಿಪೋರ್ಟು ಕಳಿಸಿ, ತಜ್ಞರು ಒಂದು ಗಂಟೆಯಲ್ಲಿ ಉಚಿತವಾಗಿ ಓದಿ ಹೇಳುತ್ತಾರೆ ಅಂತ. ಒತ್ತಿದೆ. ರೋಗಿಯ ಹೆಸರು ಕೇಳಿತು, ಕೊಟ್ಟೆ. ವಯಸ್ಸು ಕೊಟ್ಟೆ. ರೋಗಿಯ ಫೋನ್ ನಂಬರು ಕೇಳಿತು, ಅಕ್ಕನದ್ದು ಕೊಟ್ಟೆ. ಎಷ್ಟು ಹೆರಿಗೆ, ಮುಟ್ಟು ನಿಂತಿದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ. ಎಲ್ಲದಕ್ಕೂ ಪರೀಕ್ಷೆ ಬರೆಯುವ ಮಕ್ಕಳ ಹಾಗೆ ಉತ್ತರ ತುಂಬಿಸಿದೆ. ಕೊನೆಗೆ ಇರುವೆ ಸಾಲಿನಂಥ ಅಕ್ಷರದ ಒಂದು ಪುಟ, ಅದರ ಕೆಳಗೆ ಒಪ್ಪಿಗೆಯ ಚೌಕ. ಅದಕ್ಕೂ ಗುರುತು ಹಾಕಿದೆ. ಸೊಸೆಯ ಸೊಂಟದ ಸುತ್ತು ಹೇಳದೆ ಗಿರಾಕಿಯನ್ನು ಕಳಕೊಂಡವಳು ನಾನು. ಎಲ್ಲಿಯವರು, ಯಾರು ಎಂದು ಗೊತ್ತಿಲ್ಲದವರಿಗೆ ಅಕ್ಕನ ಮೈಯ ಲೆಕ್ಕವನ್ನೆಲ್ಲ ಹತ್ತು ನಿಮಿಷದಲ್ಲಿ ಒಪ್ಪಿಸಿಬಿಟ್ಟೆ.

ಒಂದು ಗಂಟೆ ಕಳೆಯಿತು. ಉತ್ತರ ಇಲ್ಲ. ಆಗ ನನಗೆ ನಮ್ಮ ಕುಟುಂಬದ ಗುಂಪು ನೆನಪಾಯಿತು.

ಆ ಗುಂಪಿನ ಬಗ್ಗೆ ಹೇಳಬೇಕು. ನಮ್ಮಲ್ಲಿ ಒಂದು ಮನೆಯಲ್ಲಿ ಮಗು ಹುಟ್ಟಿದರೆ ಇಡೀ ಕುಟುಂಬಕ್ಕೆ ಅಮೆ, ಯಾರಾದರೂ ಸತ್ತರೆ ಸೂತಕ. ಅಷ್ಟು ದಿನ ದೀಪ ಇಡುವ ಹಾಗಿಲ್ಲ, ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ. ಹಿಂದೆ ಇದನ್ನು ಮನೆಮನೆಗೆ ಹೋಗಿ ತಿಳಿಸಬೇಕಿತ್ತು. ಸುದ್ದಿ ತಲುಪದೆ ಸೂತಕದಲ್ಲೇ ಪೂಜೆ ಮಾಡಿಸಿದವರ ಗಲಾಟೆ ಬೇರೆ. ಅದಕ್ಕೆ ಮಂಡೆಕೋಲಿನ ನಮ್ಮ ದೊಡ್ಡಪ್ಪ ಒಬ್ಬರು ಮೊಮ್ಮಗಳ ಹತ್ತಿರ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಸಿದರು. ಹುಟ್ಟು ಸಾವು ಎರಡನ್ನು ಬಿಟ್ಟು ಬೇರೆ ಯಾವುದನ್ನೂ ಹಾಕಬಾರದೆಂದು ಕಟ್ಟಪ್ಪಣೆ. ಶುಭೋದಯ ಹಾಕಿದ ಒಬ್ಬನಿಗೆ ದೊಡ್ಡಪ್ಪ ಮದುವೆ ಚಪ್ಪರದಲ್ಲಿ ನಿಲ್ಲಿಸಿ ಬೈದಿದ್ದರು. ಹಾಗಾಗಿ ಆ ಗುಂಪಿನಲ್ಲಿ ಟಿಂಗ್ ಎಂದರೆ ಒಂದೋ ತೊಟ್ಟಿಲು, ಇಲ್ಲದಿದ್ದರೆ ಚಟ್ಟ.

ಅದರಲ್ಲಿ ಚಿಕ್ಕಪ್ಪನ ಸೊಸೆ ಒಬ್ಬಳು ನರ್ಸು ಇದ್ದಳು. ಒಬ್ಬ ಮದ್ದಿನಂಗಡಿಯವನಿದ್ದ. ಅವರಿಬ್ಬರಿಗೆ ಬೇರೆ ಬೇರೆ ಕಳಿಸಬಹುದಿತ್ತು. ನಂಬರು ಹುಡುಕಲು ಉದಾಸೀನ. ಹೊರಗಿನವರಿಗೇ ಕೊಟ್ಟಾಯಿತು, ನಮ್ಮವರಿಗೆ ಕೊಟ್ಟರೆ ಎಂತ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಫೋಟೋ ಹಾಕಿ, ಕೆಳಗೆ "ಕೊಯಿಲದ ಅಕ್ಕನ ರಿಪೋರ್ಟ್. ಗೊತ್ತಿದ್ದವರು ದಯಮಾಡಿ ತಿಳಿಸಿ" ಎಂದು ಬರೆದೆ. ಅಷ್ಟರಲ್ಲಿ ಕರೆಂಟು ಬಂತು. ಮೊಬೈಲನ್ನು ಕೆಳಗಿಟ್ಟು ಮೆಷಿನಿಗೆ ಕೂತೆ.

ಮೆಷಿನಿನ ಶಬ್ದದಲ್ಲಿ ಟಿಂಗ್ ಟಿಂಗ್ ಕೇಳಿಸುತ್ತಿತ್ತು. ಅಬ್ಬ, ಎಷ್ಟು ಜನ ಓದಿ ಹೇಳುತ್ತಿದ್ದಾರೆ ಎಂದು ಸಮಾಧಾನವೂ ಆಯಿತು. ಒಂದು ತೋಳು ಕೂಡಿಸಿ ಮುಗಿಸಿ ನೋಡಿದೆ.

ಮೊದಲನೆಯದು ದೊಡ್ಡಪ್ಪನದ್ದು. ಅವರಿಗೆ ಕಣ್ಣು ಮಂಜು. ಕಾಗದದ ಮೇಲೆ ಅಕ್ಕನ ಹೆಸರು, ವಯಸ್ಸು, ತಾರೀಕು ಇಷ್ಟು ಕಂಡಿದೆ. ಕೈಮುಗಿದ ಚಿತ್ರ ಹಾಕಿ "ಓಂ ಶಾಂತಿ" ಎಂದಿದ್ದರು. ಹಿರಿಯರು ಹಾಕಿದ ಮೇಲೆ ಉಳಿದವರು ಓದುವುದುಂಟಾ? ಓಂ ಶಾಂತಿ. ಓಂ ಶಾಂತಿ. ಆತ್ಮಕ್ಕೆ ಸದ್ಗತಿ ಸಿಗಲಿ. ಒಬ್ಬಾಕೆ, ಮೊನ್ನೆ ಉಪ್ಪಿನಂಗಡಿಯಲ್ಲಿ ಸಿಕ್ಕಿದಾಗ ಚೆನ್ನಾಗಿಯೇ ಇದ್ದರಲ್ಲ ಎಂದು ಅಳುವ ಮುಖ ಹಾಕಿದ್ದಳು. ಇನ್ನೊಬ್ಬ, ಉತ್ತರಕ್ರಿಯೆ ಯಾವತ್ತು ಅಂತ ಕೇಳಿದ್ದ. ಮತ್ತೊಬ್ಬನಿಗೆ ಎರಡು ದಿನದಲ್ಲಿ ಹೊಸ ಮನೆಯ ಒಕ್ಕಲು, ಅವನ ಸಂಕಟ ಅವನಿಗೆ: "ಮದುವೆಯಾಗಿ ಬೇರೆ ಮನೆಗೆ ಹೋದವರಲ್ವಾ, ನಮಗೆ ಸೂತಕ ಎಷ್ಟು ದಿನ?"

ಹತ್ತೊಂಬತ್ತು ಓಂ ಶಾಂತಿಗಳಾದ ಮೇಲೆ ಅಕ್ಕನದ್ದೇ ಒಂದು ಸಾಲು ಇತ್ತು.

"ನಾನು ಬದುಕಿದ್ದೇನೆ."

ಅಕ್ಕ ಆ ಗುಂಪಿನಲ್ಲಿದ್ದಾಳೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಕೂಡಲೇ ಫೋಟೋ ಅಳಿಸಿದೆ. ಅವಳ ಹೆಸರು ಅಷ್ಟರಲ್ಲೇ ಗುಂಪಿನ ಪಟ್ಟಿಯಲ್ಲಿ ಇರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಪರದೆಯ ಹಿಂದೆ ಹೋಗಿ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅತ್ತೆ. ಥೂ, ನನ್ನ ಜನ್ಮಕ್ಕಿಷ್ಟು ಅಂತ ನನಗೆ ನಾನೇ ಬೈದುಕೊಂಡೆ.

ಸತ್ತಿಲ್ಲ ಎಂದು ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರಾ? ಓಂ ಶಾಂತಿ ಹಾಕಿದ ನಾಚಿಕೆಗೋ ಏನೋ, ಒಬ್ಬೊಬ್ಬರೂ ಒಂದೊಂದು ಮದ್ದು ಕಳಿಸಿದರು. ಅಕ್ಕನ ಮನೆಗೆ ಮುಳ್ಳುರಾಮಫಲದ ಎಲೆಯ ಕಟ್ಟುಗಳು ಹೋದವು. ದೊಡ್ಡಪ್ಪ ಸ್ವತಃ ಫೋನು ಮಾಡಿ, ಇನ್ನು ನಿನಗೆ ಆಯುಷ್ಯ ಗಟ್ಟಿ ಎಂದು ಹರಸಿದರಂತೆ. ಮುಂದಿನ ಬುಧವಾರ ಅಕ್ಕ ನನಗೆ ಫೋನು ಮಾಡಿದಳು. ಹನ್ನೊಂದಕ್ಕಲ್ಲ, ಸಂಜೆ ಐದಕ್ಕೆ.

"ಡಾಕ್ಟ್ರು ನೋಡಿದ್ರು. ಬರೇ ಕೊಬ್ಬಿನ ಗಂಟಂತೆ. ಎಂತದೂ ಇಲ್ಲ. ಎಲ್ರಿಗೂ ಹೇಳಿಬಿಡು."

"ಅಕ್ಕಾ, ಅವತ್ತಿನದ್ದು ನಾನು…"

"ಆಯ್ತು, ಇಡ್ತೇನೆ. ದನಕ್ಕೆ ಹುಲ್ಲು ಹಾಕ್ಬೇಕು."

ನಾನು ಅವಳ ಮಾತನ್ನು ನಂಬಿದೆ. ಹೆಚ್ಚಿನ ಗಂಟುಗಳು ನಿರಪಾಯ ಎಂದು ಮೊಬೈಲಿನಲ್ಲೂ ಬರೆದಿತ್ತಲ್ಲ. ನನಗೆ ಏನು ಬೇಕೋ ಅದನ್ನೇ ಅದು ಹೇಳಿತ್ತು, ಅದಕ್ಕೆ ನಂಬಿದೆ. ನರ್ಸು ಮಾತ್ರ ನನಗೆ ಬೇರೆ ಫೋನು ಮಾಡಿ, "ಅತ್ತಿಗೆ, ಆ ರಿಪೋರ್ಟಲ್ಲಿ ಸೂಜಿ ಪರೀಕ್ಷೆ ಮಾಡಿಸ್ಬೇಕು ಅಂತ ಉಂಟು, ಮಾಡಿಸಿದ್ರಾ?" ಎಂದು ಕೇಳಿದ್ದಳು. ಆ ಎಪ್ಪತ್ತು ಜನರಲ್ಲಿ ಕಾಗದ ಓದಿದವಳು ಅವಳೊಬ್ಬಳೇ. ಡಾಕ್ಟರು ನೋಡಿ ಆಯಿತಂತೆ, ಎಂತದೂ ಇಲ್ಲವಂತೆ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ.

ಹನ್ನೊಂದರ ಫೋನು ನಿಂತುಹೋಯಿತು. ಅಂಗಡಿಯ ಗೋಡೆಯಲ್ಲಿ ಗಡಿಯಾರ ಇದೆ, ಅದನ್ನು ನೋಡಬಾರದು ಎಂದು ಮೆಷಿನನ್ನು ತಿರುಗಿಸಿ ಇಟ್ಟೆ. ಏನು ಮಾಡಿದರೂ ಹನ್ನೊಂದು ಆದದ್ದು ಗೊತ್ತಾಗುತ್ತಿತ್ತು. ಎದುರಿನ ಹೋಟೆಲಿನಲ್ಲಿ ಬನ್ಸು ಕರಿಯುವ ವಾಸನೆ ಬರುವುದು ಆ ಹೊತ್ತಿಗೇ. ಬಸಳೆಗೆ ಹುಳ ಬಿದ್ದಿದೆಯೋ ಇಲ್ಲವೋ, ಭಾವನ ಗೊರಕೆ ಹೇಗಿದೆಯೋ, ನನಗೆ ಯಾರು ಹೇಳಬೇಕು? ಯಾವುದಕ್ಕೂ ಬಾರದ ಆ ಮಾತುಗಳಿಗೆ ನಾನು ಹಸಿದಿದ್ದೆ. ದಾರಿಯಲ್ಲಿ ಯಾರದೋ ಕರು ಕೂಗಿದರೆ ಕಣ್ಣಲ್ಲಿ ನೀರು ಬರುವುದು, ಮೂಗು ಒರೆಸಿಕೊಂಡು ನಡೆಯುವುದು.

ಒಂದು ಆದಿತ್ಯವಾರ ತಡೆಯಲಾರದೆ ಬಸ್ಸು ಹತ್ತಿ ಕೊಯಿಲಕ್ಕೆ ಹೋದೆ. ಅಕ್ಕ ಕಾಫಿ ಮಾಡಿದಳು. ನೆಂಟರಿಗೆಂದು ಇಟ್ಟ ಪಿಂಗಾಣಿಯ ಕಪ್ಪು-ಬಸಿಯಲ್ಲಿ ತಂದಳು. ಅಲ್ಲೇ ನನಗೆ ಗೊತ್ತಾಯಿತು. ನನಗೆ ಯಾವಾಗಲೂ ಕೊಡುವುದು ಅಂಚು ನೆಗ್ಗಿದ ಸ್ಟೀಲಿನ ಲೋಟದಲ್ಲಿ. "ಪುತ್ತೂರಲ್ಲಿ ಸೆಕೆ ಉಂಟಾ?" ಎಂದು ಕೇಳಿದಳು. ಉಂಟು ಎಂದೆ. ಬೇರೆ ಮಾತು ಇಲ್ಲ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಸೆಕೆಯ ವಿಷಯ ಕೇಳಿದರೆ ಎಂತ ಮಾಡುವುದು?

ಬಸ್ಸಿಗೆ ಬಿಡಲು ಅವಳ ಮಗಳು ಬಂದಳು. ದಾರಿಯಲ್ಲಿ ಮೆಲ್ಲ ಹೇಳಿದಳು.

"ಚಿಕ್ಕಮ್ಮ, ಅಮ್ಮ ಫೋನು ಎತ್ತುದಿಲ್ಲ ಅಂತ ಬೇಜಾರು ಮಾಡ್ಬೇಡಿ. ಎಲ್ಲೆಲ್ಲಿಂದಲೋ ಫೋನು ಬರ್ತದೆ. ಒಮ್ಮೆ ಹಾಲಿನ ಡಿಪೋದಲ್ಲಿ ಸಾಲಲ್ಲಿ ನಿಂತಿದ್ರು, ಫೋನು ಜೋರಲ್ಲಿ ಇತ್ತು. 'ಮೇಡಂ, ನಿಮ್ಮ ಎದೆಯ ಗಂಟಿಗೆ ನಮ್ಮಲ್ಲಿ ಪ್ಯಾಕೇಜ್ ಇದೆ' ಅಂತ ಯಾರೋ ಹೇಳಿದ್ದು ಸಾಲಿಗಿಡೀ ಕೇಳಿದೆ. ಈಗ ಗೊತ್ತಿಲ್ಲದ ನಂಬರು ಕಂಡ್ರೆ ಅಮ್ಮ ಫೋನು ಕವುಚಿ ಹಾಕಿ ಎದ್ದು ಹೋಗ್ತಾರೆ. ಅವರಿಗೆ ನಂಬರು ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ಆಮೇಲೆ ನಾನು ಹೋಗಲಿಲ್ಲ. ತಪ್ಪು ನನ್ನದೇ ಆದರೂ, ನನಗೂ ಸಿಟ್ಟು ಅಂತ ಒಂದು ಉಂಟಲ್ಲ. ಒಡಹುಟ್ಟಿದವಳಿಗೆ ಕಪ್ಪು ಬಸಿಯಲ್ಲಿ ಕಾಫಿ ಕೊಡುತ್ತಾಳೆ ಎಂದರೆ! ಸಮಾರಂಭಗಳಲ್ಲಿ ಅವಳು ಕಾಣಿಸುತ್ತಿರಲಿಲ್ಲ. ಭಾವ ಒಬ್ಬರೇ ಬರುವರು. ಕೇಳಿದರೆ ದನ ಕರು ಹಾಕಿದೆ, ಬಿಟ್ಟು ಬರಲು ಆಗುವುದಿಲ್ಲ ಎನ್ನುವರು. ಭಾವ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಅವರಿಗೂ ನನ್ನ ಮೇಲೆ ಕೋಪ ಎಂದುಕೊಂಡೆ.

ಹೀಗೆ ಹತ್ತು ತಿಂಗಳು. ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಒಂದು ಪ್ಲಾಸ್ಟಿಕ್ ತೊಟ್ಟೆ ತಂದು ಕೊಟ್ಟು, ಕೊಯಿಲದಿಂದ ಎಂದರು. ಒಳಗೆ ಹಸಿರು ರೇಷ್ಮೆಯ ರವಿಕೆ ಬಟ್ಟೆ. ಅದರೊಟ್ಟಿಗೆ ಒಂದು ಹಳೆಯ ರವಿಕೆ, ಮತ್ತು ಒಂದು ಚೀಟಿ. ಭಾವನ ಅಣ್ಣನ ಮಗನ ಮದುವೆಗೆ ಬೇಕು, ಅಳತೆ ರವಿಕೆ ಇಟ್ಟಿದೆ, ಅಷ್ಟೇ ಬರೆದಿತ್ತು.

ಅಳತೆ ರವಿಕೆ! ಬರಲು ಆಗದವರು, ಬರಲು ಮನಸ್ಸಿಲ್ಲದವರು, ತಮಗೆ ಸರಿಯಾಗುವ ಹಳೆಯದೊಂದನ್ನು ಅಳತೆಗೆ ಕಳಿಸುತ್ತಾರೆ. ದೂರದ ಗಿರಾಕಿಗಳ ಕ್ರಮ ಅದು. ನನ್ನ ಅಕ್ಕ ನನಗೆ ಗಿರಾಕಿಯಾದಳಲ್ಲ ಎಂದು ಹೊಟ್ಟೆ ಉರಿಯಿತು. ಮೈ ಮುಟ್ಟಿಸಿಕೊಳ್ಳುವುದಕ್ಕೂ ನಾನು ಬೇಡವಾದೆ. ಸಿಟ್ಟಿನಿಂದಲೇ ಹಳೆಯ ರವಿಕೆಯನ್ನು ಮೇಜಿನ ಮೇಲೆ ಹರಡಿದೆ.

ಅದು ನಾನೇ ಹೊಲಿದ ರವಿಕೆ. ನನ್ನ ಕೈ ನನಗೆ ಗೊತ್ತಾಗದಾ? ಆದರೆ ಎಡಗಡೆ ಬೇರೆ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ನೀಲಿ ಬಟ್ಟೆಗೆ ಕಪ್ಪು ನೂಲು. ಕೈಹೊಲಿಗೆ, ಗೋಣಿಚೀಲ ಹೊಲಿದ ಹಾಗೆ ದೂರ ದೂರ. ಒಳಮಗ್ಗುಲಿಗೆ ತಿರುಗಿಸಿದೆ. ಎಡ ಎದೆಯ ಭಾಗಕ್ಕೆ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಒಂದು ಚೀಲ ಮಾಡಿ ಹೊಲಿದು ಸೇರಿಸಿತ್ತು. ಮುಟ್ಟಿದರೆ ಮೆತ್ತಗೆ ಹತ್ತಿ, ಅದರೊಳಗೆ ಕಾಳು ಕಾಳು. ಮೂಗಿಗೆ ಹಿಡಿದೆ. ಸಾಸಿವೆ. ಬರೇ ಹತ್ತಿಯಾದರೆ ಹಗುರ, ನಡೆಯುವಾಗ ಮೇಲೆ ಏರುತ್ತದೆ. ಭಾರಕ್ಕೆ ಸಾಸಿವೆ ತುಂಬಿಸಿದ್ದಾಳೆ.

ಹೋಗಿ ಅಂಗಡಿಯ ಬಾಗಿಲು ಎಳೆದುಕೊಂಡೆ.

ಕೊಬ್ಬಿನ ಗಂಟಲ್ಲ. ಆಪರೇಷನು ಆಗಿದೆ, ಎಡದ್ದು ತೆಗೆದಿದ್ದಾರೆ, ಗಾಯ ಮಾಗಿದೆ, ಅವಳು ಎದ್ದು ಕೂತು ಸೂಜಿಗೆ ನೂಲು ಹಾಕಿದ್ದಾಳೆ. ಇಷ್ಟೆಲ್ಲ ಆಗುವಾಗ ನಾನು ಪುತ್ತೂರಿನಲ್ಲಿ ಕಪ್ಪು ಬಸಿಯ ಸಿಟ್ಟು ಇಟ್ಟುಕೊಂಡು ಕೂತಿದ್ದೆ. ನನ್ನ ಅಕ್ಕನಿಗೆ ಹೊಲಿಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಅವಳ ಗುಂಡಿ ಬಿದ್ದರೆ ಹಾಕಿಕೊಟ್ಟವಳೂ ನಾನೇ. ಮೂವತ್ತು ವರ್ಷ ಎಲ್ಲರ ರವಿಕೆ ಹೊಲಿದ ತಂಗಿ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿರುವಾಗ, ಅವಳು ಬಾಗಿಲು ಮುಚ್ಚಿಕೊಂಡು, ಬಾರದ ಕೈಯಲ್ಲಿ ಈ ಸಾಸಿವೆ ಚೀಲ ಹೊಲಿದಿದ್ದಾಳೆ. ಹತ್ತೊಂಬತ್ತು ಓಂ ಶಾಂತಿಗಳು ಕೊಡದ ಏಟನ್ನು ಆ ಕಪ್ಪು ನೂಲು ಕೊಟ್ಟಿತು.

ಚೀಲವನ್ನು ತೆಗೆಯದೆ ಕಳಿಸಿದ್ದು ಮರೆತಾ, ಬೇಕೆಂದೇ ಬಿಟ್ಟದ್ದಾ ಎಂದು ತುಂಬ ಹೊತ್ತು ಯೋಚಿಸಿದೆ. ಮೊಬೈಲು ಎತ್ತಿಕೊಂಡೆ. ಭಾವನಿಗೆ ಮಾಡಬೇಕು, ಮಗಳಿಗೆ ಮಾಡಬೇಕು, ನರ್ಸಿನ ಹತ್ತಿರ ಕೇಳಬೇಕು. ಹೀಗೆ ಆದವರು ಎಷ್ಟು ವರ್ಷ ಇರುತ್ತಾರೆ ಅಂತ ಹುಡುಕಲು ಹೆಬ್ಬೆರಳು ಹೋಗಿಯೂ ಆಗಿತ್ತು. ತಕ್ಷಣ ಮೊಬೈಲನ್ನು ಆಫ್ ಮಾಡಿ ಮೇಜಿನ ಖಾನೆಯೊಳಗೆ ಹಾಕಿ ಬೀಗ ಹಾಕಿದೆ. ಅವಳು ನನ್ನ ಕೈಗೆ ಕೊಟ್ಟದ್ದು ಒಂದು ರವಿಕೆ. ರವಿಕೆ ಹೊಲಿಯಬೇಕು, ಬಾಯಿ ಮುಚ್ಚಿಕೊಂಡು ಹೊಲಿಯಬೇಕು, ಅಷ್ಟೇ.

ಹೇಗೆ ಹೊಲಿಯಬೇಕು ಎಂದು ನನಗೆ ಗೊತ್ತಿತ್ತು. ತುಂಬ ವರ್ಷದ ಹಿಂದೆ ಇಂಥದೇ ಆಪರೇಷನು ಆದ ಒಬ್ಬರು ನನ್ನ ಪರದೆಯ ಹಿಂದೆ ನಿಂತು, ನಾಚಿಕೆಯಿಂದ ಗೋಡೆ ನೋಡುತ್ತಾ ಎಲ್ಲ ಹೇಳಿಕೊಟ್ಟಿದ್ದರು. ಒಳಗೆ ಎರಡು ಬದಿಯಿಂದಲೂ ಬಾಯಿ ಇರುವ ಕಿಸೆ ಇಡಬೇಕು. ಗಾಯದ ಮೇಲೆ ಹೊಲಿಗೆಯ ಗಂಟು ಬರಬಾರದು. ಆ ಬದಿಯ ತೋಳು ಸಡಿಲ ಇರಬೇಕು, ಕೈ ಬಾತುಕೊಳ್ಳುತ್ತದೆ. ಹುಕ್ಕು ಮುಂದೆಯೇ ಇರಲಿ, ಕೈ ಹಿಂದಕ್ಕೆ ಹೋಗುವುದಿಲ್ಲ. ಅವರ ಅಳತೆ ಹೆಸರಿಲ್ಲದೆ ನನ್ನ ಪುಸ್ತಕದಲ್ಲಿ ಈಗಲೂ ಇದೆ. ನಾನು ಯಾರಿಗೂ ಹೇಳುವವಳಲ್ಲ ಎಂದು ನಂಬಿ ಅವರು ಹೇಳಿದರು, ಅವರು ಹೇಳಿದ್ದು ಅಕ್ಕನ ಉಪಯೋಗಕ್ಕೆ ಬಂತು.

ಎರಡು ದಿನ ಬೇರೆ ಕೆಲಸ ಹಿಡಿಯಲಿಲ್ಲ. ಹಳೆಯ ಮೆತ್ತಗಿನ ಹತ್ತಿ ಬಟ್ಟೆಯ ಅಸ್ತರು ಕೊಟ್ಟೆ. ಸಾಸಿವೆಗೆ ಬೇರೆ ಸಣ್ಣ ಚೀಲ ಮಾಡಿ, ಕಾಳು ಒಂದು ಕಡೆ ಸರಿಯದ ಹಾಗೆ ನಡುವೆ ಗೆರೆ ಹೊಲಿದು, ತೆಗೆದು ತೊಳೆಯಲು ಬರುವ ಹಾಗೆ ಮಾಡಿದೆ. ಅಕ್ಕನ ನೀಲಿ ರವಿಕೆಯ ಕಪ್ಪು ನೂಲನ್ನು ಬಿಚ್ಚಬೇಕೆಂದು ಕತ್ತರಿ ಎತ್ತಿದವಳು ಬಿಚ್ಚಲಿಲ್ಲ. ಅದನ್ನು ಹಾಗೆಯೇ ಮಡಚಿ, ಎರಡನ್ನೂ ತೊಟ್ಟೆಗೆ ಹಾಕಿ, ಬಾಯಿ ಹೊಲಿದು ಕಂಡಕ್ಟರಿಗೆ ಕೊಟ್ಟೆ. ಚೀಟಿ ಬರೆಯಲಿಲ್ಲ.

ಮೂರನೆಯ ದಿನ ಬನ್ಸು ಕರಿಯುವ ವಾಸನೆ ಬರುವಾಗ ಫೋನು ಬಂತು. ಮೆಷಿನು ನಿಲ್ಲಿಸಿದೆ.

"ರವಕೆ ಸಿಕ್ಕಿತು" ಎಂದಳು ಅಕ್ಕ.

"ಸರಿ ಆಗ್ತದಾ?"

"ಎಡದ ತೋಳು ಸಡಿಲ ಮಾಡಿದ್ದಿ."

"ಹೂಂ."

"ನಾನು ಹೇಳಿರ್ಲಿಲ್ಲ."

"ಇಲ್ಲ, ನೀನು ಹೇಳಿರ್ಲಿಲ್ಲ."

ಅತ್ತಕಡೆ ಒಂದು ಕರು ಕೂಗಿತು. ಯಾರ ಕರು ಎಂದು ಕೇಳುವ ಧೈರ್ಯ ಬರಲಿಲ್ಲ.

"ಯಾರ ಹತ್ರ ಹೇಳಿದ್ದಿ?" ಎಂದು ಕೇಳಿದಳು.

"ಯಾರ ಹತ್ರವೂ ಇಲ್ಲಕ್ಕ. ಭಾವನ ಹತ್ರ ಕೂಡ ಕೇಳ್ಲಿಲ್ಲ."

"ಗೊತ್ತುಂಟು. ಮೂರು ದಿನ ಕಾದೆ. ಯಾರದ್ದೂ ಫೋನು ಬರ್ಲಿಲ್ಲ."

ಆಗ ನಾನು ಆ ಜಾಹೀರಾತಿನ ವಿಷಯ ಹೇಳಿದೆ. ಅವಳ ನಂಬರು, ಹೆರಿಗೆ, ಮುಟ್ಟು ಎಲ್ಲ ತುಂಬಿಸಿದವಳು ನಾನೇ ಎಂದು ಹೇಳಿದೆ. ಇನ್ನು ಫೋನು ಇಟ್ಟುಬಿಡುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಇಡಲಿಲ್ಲ.

"ಸೋಮವಾರ ನಾನು ಡಾಕ್ಟ್ರ ಹತ್ರ ಹೋಗಲೇ ಇಲ್ಲ ಮಾರಾಯ್ತಿ" ಎಂದಳು. "ಎರಡು ತಿಂಗಳು ಸುಮ್ಮನೆ ಕೂತೆ. ಹೋದ್ರೆ ಮತ್ತೆ ಒಂದು ಕಾಗದ ಕೊಡ್ತಾರೆ, ಮತ್ತೆ ಅದು ಎಲ್ಲೆಲ್ಲಿಗೋ ಹೋಗ್ತದೆ ಅಂತ. ಸೊಪ್ಪಿನ ಕಷಾಯ ಕುಡ್ದೆ. ಗಂಟು ದೊಡ್ಡ ಆದ ಮೇಲೆ ಮಗಳು ಅತ್ತು ಕರೆದು ಮಂಗ್ಳೂರಿಗೆ ಕರ್ಕೊಂಡು ಹೋದದ್ದು. ಮೊದಲೇ ಬಂದಿದ್ರೆ ಪೂರ್ತಿ ತೆಗೀಬೇಕು ಅಂತ ಇರ್ಲಿಲ್ವೋ ಏನೋ. ಡಾಕ್ಟ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನೀನೂ ಕೇಳ್ಬೇಡ."

ನಾನು ಕೇಳಿಲ್ಲ. ಇಂದಿಗೂ ಕೇಳಿಲ್ಲ. ಆ ಎರಡು ತಿಂಗಳು ನನ್ನ ಎದೆಯ ಮೇಲೆ ಕೂತಿದೆ, ಅದನ್ನು ಇಳಿಸಿ ಎಲ್ಲಿಡಲಿ? ಅಳುವುದು ಅವಳಿಗೆ ಗೊತ್ತಾಗಬಾರದು ಎಂದು ಮೊಬೈಲನ್ನು ದೂರ ಹಿಡಿದೆ. ಅವಳಿಗೆ ಗೊತ್ತಾಗಿತ್ತು.

"ಸಾಕು, ಮೂಗು ಒರೆಸಿಕೊ. ರೇಷ್ಮೆ ಮೇಲೆ ಬಿದ್ರೆ ಕಲೆ ಆಗ್ತದೆ" ಎಂದಳು.

ಇದನ್ನೆಲ್ಲ ಬರೆಯಲಾ ಎಂದು ಮೊನ್ನೆ ಅವಳನ್ನೇ ಕೇಳಿದೆ. ಕೇಳದೆ ಇನ್ನು ನಾನು ಅವಳು ಒಮ್ಮೆ ಸೀನಿದ ಸುದ್ದಿಯನ್ನೂ ಯಾರಿಗೂ ಹೇಳುವವಳಲ್ಲ. "ಬರಿ. ಹೆಸರು ಹಾಕ್ಬೇಡ" ಎಂದಳು. ನಮ್ಮವರಿಗೆ ಯಾರೆಂದು ಗೊತ್ತಾಗುವುದಿಲ್ಲವಾ ಎಂದೆ. "ಅವರು ಓದುದುಂಟಾ? ಓಂ ಶಾಂತಿ ಹಾಕ್ತಾರೆ ಅಷ್ಟೇ" ಎಂದು ನಕ್ಕಳು. ಎಷ್ಟು ಕಾಲವಾಗಿತ್ತು ಆ ನಗು ಕೇಳದೆ.

ಹನ್ನೊಂದರ ಫೋನು ಈಗ ದಿನಾ ಬರುವುದಿಲ್ಲ. ಚಿಕಿತ್ಸೆಗೆ ಹೋಗಿ ಬಂದ ವಾರ ಅವಳಿಗೆ ಮಾತಾಡಲು ಆಗುವುದಿಲ್ಲ. ಬಂದ ದಿನ ಬಸಳೆಯಿಂದಲೇ ಶುರು. ಮೊನ್ನೆ ಇಡುವ ಮೊದಲು, "ಆ ಹಸಿರು ರವಕೆ ಎಡದಲ್ಲಿ ಒಂದು ಬೆರಳು ಮೇಲೆ ಆಯ್ತು" ಎಂದಳು. "ಅಳತೆ ರವಕೆಯಲ್ಲಿ ಎಷ್ಟು ಅಂತ ಗೊತ್ತಾಗ್ತದೆ ನಿನಗೆ? ಇನ್ನೊಂದಕ್ಕೆ ನಾನೇ ಬರ್ತೇನೆ. ಸ್ವಲ್ಪ ಶಕ್ತಿ ಬರ್ಲಿ. ಐಸಿನ ಹಾಗಿನ ಟೇಪು ಹಿಡ್ಕೊಂಡು ಬಂದ್ರೆ ನೋಡು ಮತ್ತೆ."

ಇನ್ನೂ ಬಂದಿಲ್ಲ. ಉಪ್ಪಿನಂಗಡಿ ಕಡೆಯ ಬಸ್ಸು ಬರುವ ಹೊತ್ತಿಗೆ ನಾನು ಟೇಪಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುತ್ತೇನೆ.